ಗಾಳಿ ಬೇಡದ ಕ್ರಿಮಿ ಮತ್ತು ಧನುರ್ವಾಯು

ತುಕ್ಕು ಹಿಡಿದ ಮೊಳೆ ಕಾಲಿಗೆ ಚುಚ್ಚಿದರೆ ಡಾಕ್ಟರು ಕೂಡಲೆ ಇಂಜೆಕ್ಷನ್ ಕೊಡುತ್ತಾರಲ್ಲ, ತುಕ್ಕಿನಲ್ಲಿ ಅಂಥ ವಿಷವೇನಿದೆ? ನಮ್ಮ ವಾಚನಾಲಯದಲ್ಲಿ ಸಂಜೆ ಪತ್ರಿಕೆ ಓದಲು ಬರುವ ಬಾಂಧವರು ಈ ಪ್ರಶ್ನೆಯನ್ನು ಒಮ್ಮೆಯಲ್ಲ, ಹಲವು ಸಲ ಕೇಳಿದ್ದಾರೆ. ತುಕ್ಕಿನಲ್ಲಿ ವಿಷವಿಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸಬಹುದು. ಆದರೆ ಆಗ, ಮತ್ತೆ ಇಂಜೆಕ್ಷನ್ ಏಕೆ ಎಂಬ ಎರಡನೆಯ ಪ್ರಶ್ನೆ ಏಳುತ್ತದೆ. ಅದಕ್ಕೆ ಒಂದು ಮಾತು ಸಾಲದು. ಈ ಲೇಖನವನ್ನು ಬರೆಯುತ್ತಿರುವುದು ಆ ಎರಡನೆಯ ಪ್ರಶ್ನೆಗಾಗಿ.

ರೋಗದ ಹೆಸರು ಧನುರ್ವಾಯು. ಗುಜರಾತಿಯಲ್ಲಿ ಧನುರ ಎನ್ನುತ್ತಾರೆ. ಇಲ್ಲಿಯ ಆಸ್ಪತ್ರೆಗಳ ಗೋಡೆಯ ಮೇಲೆ ಆ ಪದವನ್ನು ಕಂಡರೆ ನಮ್ಮವರಿಗೆ ಅರ್ಥವಾಗದೆ ಇರದು. ಎರಡು ಭಾಷೆಗೂ ಹೆಸರು ಬಂದದ್ದು ಬಿಲ್ಲಿನಿಂದ. ರೋಗಿಯ ಬೆನ್ನು ಸೆಟೆದು, ತಲೆ ಹಿಮ್ಮಡಿಯ ಕಡೆಗೆ ಬಾಗಿ, ಮೈ ಹೆದೆಯೇರಿಸಿದ ಬಿಲ್ಲಿನಂತಾಗುತ್ತದೆ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿಯೂ ಧನುಸ್ತಂಭವೆಂಬ ಹೆಸರು ಬರುತ್ತದೆ. ಪೆಟ್ಟಿನಿಂದ ಬಂದ ಸೆಟೆತ ವಾಸಿಯಾಗದು ಎಂದು ಅಲ್ಲಿ ಕೈಚೆಲ್ಲಿರುವುದನ್ನು ನೋಡಿದರೆ, ನಮ್ಮ ಹಿರಿಯರು ಈ ರೋಗವನ್ನು ಹತ್ತಿರದಿಂದಲೇ ಕಂಡಿದ್ದರು ಎಂದು ತೋರುತ್ತದೆ. ಮೊದಲು ದವಡೆ ಬಿಗಿಯುತ್ತದೆ. ಬಾಯಿ ತೆರೆಯಲಾಗದು, ಗುಟುಕು ನೀರು ಇಳಿಯದು. ಮುಖದ ಸ್ನಾಯುಗಳು ಎಳೆದು, ರೋಗಿ ನಗುತ್ತಿದ್ದಾನೋ ಎಂಬಂತೆ ಕಾಣುತ್ತದೆ. ಬಾಗಿಲು ಬಡಿದ ಸದ್ದಿಗೆ, ದೀಪದ ಬೆಳಕಿಗೆ, ಯಾರಾದರೂ ಮುಟ್ಟಿದ್ದಕ್ಕೆ ಮೈಯೆಲ್ಲ ಒಮ್ಮೆಗೇ ಸೆಟೆಯುತ್ತದೆ. ಇಷ್ಟಾದರೂ ಎಚ್ಚರ ತಪ್ಪುವುದಿಲ್ಲ. ಆಗುತ್ತಿರುವುದೆಲ್ಲ ರೋಗಿಗೆ ತಿಳಿಯುತ್ತಿರುತ್ತದೆ.

ಇದಕ್ಕೆ ಕಾರಣವಾದದ್ದು ಒಂದು ಬ್ಯಾಕ್ಟೀರಿಯ. ಶಾಸ್ತ್ರದಲ್ಲಿ ಅದಕ್ಕೆ ಕ್ಲಾಸ್ಟ್ರಿಡಿಯಮ್ ಟೆಟನಿ ಎಂದು ಹೆಸರು. ಸೂಕ್ಷ್ಮದರ್ಶಕದಲ್ಲಿ ಸಣ್ಣ ಕಡ್ಡಿಯಂತೆ ಕಾಣುತ್ತದೆ. ಕಷ್ಟಕಾಲ ಬಂದಾಗ ಕಡ್ಡಿಯ ಒಂದು ತುದಿಯಲ್ಲಿ ಗುಂಡಗೆ ಉಬ್ಬು ಮೂಡಿ, ನಗಾರಿ ಬಾರಿಸುವ ಕೋಲಿನ ಆಕಾರ ಬರುತ್ತದೆ. ಆ ಉಬ್ಬೇ ಬೀಜಾಣು. ಕಡ್ಡಿ ಸತ್ತರೂ ಬೀಜಾಣು ಸಾಯದು. ಬಿಸಿಲು, ಬರ, ಚಳಿ ಏನು ಬಂದರೂ ವರ್ಷಗಟ್ಟಲೆ ಮಣ್ಣಿನಲ್ಲಿ ನಿದ್ದೆ ಮಾಡುತ್ತ ಬಿದ್ದಿರುತ್ತದೆ. ನೀರಿನಲ್ಲಿ ಕೆಲವು ನಿಮಿಷ ಕುದಿಸಿದರೂ ಅದು ಸಾಯುವುದೆಂಬ ಭರವಸೆಯಿಲ್ಲ. ಆಸ್ಪತ್ರೆಯಲ್ಲಿ ಒತ್ತಡದ ಆವಿಯಲ್ಲಿ ೧೨೧ ಡಿಗ್ರಿ ಶಾಖಕ್ಕೆ ಏರಿಸಿ ಉಪಕರಣಗಳನ್ನು ಶುದ್ಧಿ ಮಾಡುವುದು ಇಂಥವುಗಳಿಗಾಗಿಯೇ. ಕುದುರೆ, ದನ, ಕುರಿಗಳ ಕರುಳಿನಲ್ಲಿ ಈ ಕ್ರಿಮಿ ಅವಕ್ಕೆ ತೊಂದರೆ ಕೊಡದೆ ಇರಬಲ್ಲದು. ಸಗಣಿ ಲದ್ದಿಯ ಜೊತೆ ಮಣ್ಣಿಗೆ ಬರುತ್ತದೆ. ಅಹಮದಾಬಾದಿನ ನಡುಬೀದಿಯಲ್ಲಿ ಮಲಗುವ ಗೋಮಾತೆಯರನ್ನು ಬಲ್ಲವರಿಗೆ, ಊರಿನ ಧೂಳಿನಲ್ಲಿ ಏನೇನು ಇರಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೊಳೆಯ ತುಕ್ಕು ಬರಿಯ ಸಾಕ್ಷಿ: ಅದು ಬಹಳ ದಿನ ನೆಲದಲ್ಲಿ ಬಿದ್ದಿತ್ತು, ಮಣ್ಣು ಮೆತ್ತಿಕೊಂಡಿದೆ ಎಂದಷ್ಟೇ ಅದು ಹೇಳುತ್ತದೆ. ಫಳಫಳ ಹೊಳೆಯುವ ಹೊಸ ಮೊಳೆಗೆ ಅದೇ ಮಣ್ಣು ಮೆತ್ತಿದ್ದರೆ ಅದೂ ಅಷ್ಟೇ ಅಪಾಯ. ಗುಲಾಬಿಯ ಮುಳ್ಳು, ಬಿದಿರಿನ ಸಿಬಿರು ಕೂಡ ಸಾಕು.

ಇನ್ನು ಈ ಕ್ರಿಮಿಯ ಊಟದ ವಿಚಾರ. ಇಲ್ಲಿಯೇ ಇಡೀ ಸಂಗತಿಯ ಬೀಗದ ಕೈ ಇರುವುದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಾವು ತಿನ್ನುವ ಬೇಳೆ, ಹಾಲು, ಮಾಂಸಗಳಲ್ಲಿ ಸಸಾರಜನಕವಿದೆ. ಪ್ರೋಟೀನ್ ಎಂದರೂ ಅದೇ. ನಮ್ಮ ಮೈಯ ಸ್ನಾಯುವೂ ಅದರಿಂದಲೇ ಆದದ್ದು. ಮಣಿಗಳನ್ನು ಪೋಣಿಸಿ ಸರ ಮಾಡಿದಂತೆ, ಅಮೈನೋ ಆಮ್ಲಗಳೆಂಬ ಇಪ್ಪತ್ತು ಬಗೆಯ ಮಣಿಗಳನ್ನು ಪೋಣಿಸಿ ಸಸಾರಜನಕವಾಗಿದೆ. ಬಹುಪಾಲು ಸೂಕ್ಷ್ಮಜೀವಿಗಳಿಗೆ ಸಕ್ಕರೆ ಸಿಕ್ಕಿದರೆ ಹಬ್ಬ. ದೋಸೆ ಹಿಟ್ಟು ಹುಳಿ ಬರುವುದೂ ಹಾಲು ಮೊಸರಾಗುವುದೂ ಸಕ್ಕರೆ ತಿನ್ನುವ ಕ್ರಿಮಿಗಳ ಕೆಲಸ. ಧನುರ್ವಾಯುವಿನ ಕ್ರಿಮಿಯ ರುಚಿ ಬೇರೆ. ಸಕ್ಕರೆಯ ಗೋಜಿಗೆ ಅದು ಹೆಚ್ಚು ಹೋಗುವುದಿಲ್ಲ. ಅಮೈನೋ ಆಮ್ಲಗಳನ್ನೇ ಒಡೆದು ಹೊಟ್ಟೆ ಹೊರೆಯುತ್ತದೆ. ಅಷ್ಟೇ ಅಲ್ಲ, ಗಾಳಿ ಇದ್ದ ಕಡೆ ಅದು ಬೆಳೆಯಲಾರದು. ನಮಗೆ ಪ್ರಾಣವಾಯುವಾದ ಆಮ್ಲಜನಕ ಅದಕ್ಕೆ ವೈರಿ.

ಗಾಳಿಯಿಲ್ಲದ ಕಡೆ ಸಸಾರಜನಕ ಕೊಳೆತರೆ ಹೇಗಿರುತ್ತದೆಂಬುದು ಗೃಹಿಣಿಯರಿಗೆ ಗೊತ್ತು. ಕಡಲೆಯನ್ನೋ ಹೆಸರುಕಾಳನ್ನೋ ನೀರಿನಲ್ಲಿ ನೆನೆಹಾಕಿ, ಮುಚ್ಚಳ ಮುಚ್ಚಿ, ಮರೆತು ಎರಡು ದಿನ ಬಿಟ್ಟರೆ ಅಡಿಗೆಮನೆಯಲ್ಲಿ ನಿಲ್ಲಲಾಗುವುದಿಲ್ಲ. ಮೊಸರಿನ ಹುಳಿ ಬೇರೆ, ಈ ನಾತ ಬೇರೆ. ಸಕ್ಕರೆ ಒಡೆದರೆ ಹುಳಿ. ಅಮೈನೋ ಆಮ್ಲ ಒಡೆದರೆ ಅಮೋನಿಯದ ಘಾಟು, ಹಳೆಯ ಬೆಣ್ಣೆಯ ಕಮಟು, ಒಮ್ಮೊಮ್ಮೆ ಗಂಧಕದ ದುರ್ನಾತ. ಈ ನಾತದ ಮಾತನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಮುಂದೆ ಅದು ಒಬ್ಬ ದೊಡ್ಡ ಮನುಷ್ಯನ ಮಾನವನ್ನು ಉಳಿಸುವ ಸಾಕ್ಷಿಯಾಗಿ ಬರಲಿದೆ.

ಗಾಳಿಯಿಲ್ಲದೆ ಬದುಕುವುದೆಂದರೆ ಹೇಗೆ? ನಾನು ಗಿರಣಿಯ ಗುಮಾಸ್ತೆಯಾದ್ದರಿಂದ ಲೆಕ್ಕದ ಭಾಷೆಯಲ್ಲಿಯೇ ಹೇಳುತ್ತೇನೆ. ಆಹಾರವನ್ನು ಒಡೆದು ಶಕ್ತಿ ಪಡೆಯುವಾಗ ಎಲೆಕ್ಟ್ರಾನುಗಳೆಂಬ ಕಣಗಳು ಬಿಡುಗಡೆಯಾಗುತ್ತವೆ. ಖರ್ಚು ಬರೆದ ಮೇಲೆ ಜಮಾ ತೋರಿಸಲೇಬೇಕು. ಎಲೆಕ್ಟ್ರಾನುಗಳನ್ನು ಯಾರಾದರೂ ತೆಗೆದುಕೊಳ್ಳಲೇಬೇಕು, ಇಲ್ಲವಾದರೆ ಖಾತೆ ಕಟ್ಟುವುದಿಲ್ಲ. ನಮ್ಮಂಥ ಉಸಿರಾಡುವ ಪ್ರಾಣಿಗಳು ಅವನ್ನೆಲ್ಲ ಆಮ್ಲಜನಕದ ಹೆಸರಿಗೆ ಜಮಾ ಮಾಡುತ್ತೇವೆ. ಆಮ್ಲಜನಕವೇ ಇಲ್ಲದ ಕಡೆ ಬದುಕುವ ಕ್ರಿಮಿ ಯಾರ ಹೆಸರಿಗೆ ಬರೆಯಬೇಕು? ೧೯೩೪ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಸ್ಟಿಕ್‌ಲ್ಯಾಂಡ್ ಎಂಬ ವಿಜ್ಞಾನಿಯು ಧನುರ್ವಾಯು ಕ್ರಿಮಿಯ ದಾಯಾದಿಯಾದ ಕ್ಲಾಸ್ಟ್ರಿಡಿಯಮ್ ಸ್ಪೋರೋಜೆನಿಸ್ ಎಂಬುದರಲ್ಲಿ ಇದಕ್ಕೆ ಉತ್ತರ ಕಂಡನು. ಅದು ಒಂದು ಅಮೈನೋ ಆಮ್ಲದಿಂದ ಎಲೆಕ್ಟ್ರಾನು ತೆಗೆದು ಇನ್ನೊಂದು ಅಮೈನೋ ಆಮ್ಲಕ್ಕೆ ಕೊಡುತ್ತದೆ. ಒಂದು ಅಲನೀನ್ ಕೊಡುವ ಕೈ, ಎರಡು ಗ್ಲೈಸೀನ್ ತೆಗೆದುಕೊಳ್ಳುವ ಕೈ. ಕೊನೆಗೆ ಉಳಿಯುವುದು ಮೂರು ಅಸೆಟಿಕ್ ಆಮ್ಲ (ಇದು ವಿನೆಗರಿನಲ್ಲಿರುವ ಹುಳಿ), ಮೂರು ಅಮೋನಿಯ, ಒಂದು ಇಂಗಾಲಾಮ್ಲ. ಬೇಕಾದವರು ಇಂಗಾಲದ ಅಣುಗಳನ್ನು ಎಣಿಸಿ ನೋಡಬಹುದು: ಈಚೆ ಏಳು, ಆಚೆ ಏಳು. ಸಾರಜನಕ ಈಚೆ ಮೂರು, ಆಚೆ ಮೂರು. ದೀಪಾವಳಿಯ ಚೋಪಡಾ ಪೂಜೆಗೆ ಇಡಬಹುದಾದಷ್ಟು ಶುದ್ಧವಾದ ಲೆಕ್ಕ!

ಧನುರ್ವಾಯುವಿನ ಕ್ರಿಮಿ ಗ್ಲುಟಮಿಕ್ ಆಮ್ಲ ಮೊದಲಾದ ಅಮೈನೋ ಆಮ್ಲಗಳನ್ನು ಒಡೆದು, ಬ್ಯುಟಿರಿಕ್ ಆಮ್ಲ, ಅಸೆಟಿಕ್ ಆಮ್ಲ, ಅಮೋನಿಯ, ಇಂಗಾಲಾಮ್ಲಗಳನ್ನು ಹೊರಗೆ ಹಾಕುತ್ತದೆ. ಬೆಣ್ಣೆಯ ಕಮಟು ಬ್ಯುಟಿರಿಕ್ ಆಮ್ಲದ್ದೇ. ಇಂಥ ಹೊಲಸು ಕ್ರಿಮಿಗಳ ಊಟ ನೋಡುತ್ತ ಕುಳಿತರೆ ಲಾಭವೇನು ಎಂದು ಕೇಳುವವರಿಗೆ ಒಂದು ಮಾತು ಹೇಳಬೇಕು. ಅಮೆರಿಕದ ಬರ್ಕ್ಲಿಯಲ್ಲಿ ಬಾರ್ಕರ್ ಎಂಬ ವಿಜ್ಞಾನಿಯು ಇದರ ಇನ್ನೊಂದು ದಾಯಾದಿಯು ಗ್ಲುಟಮಿಕ್ ಆಮ್ಲವನ್ನು ಒಡೆಯುವ ಬಗೆಯನ್ನು ಪರೀಕ್ಷಿಸುತ್ತಿದ್ದಾಗ, ಬಿ-೧೨ ಜೀವಸತ್ವವು ಜೀವಿಗಳ ಒಳಗೆ ಯಾವ ರೂಪದಲ್ಲಿ ಕೆಲಸ ಮಾಡುತ್ತದೆಂಬುದು ೧೯೫೮ರಲ್ಲಿ ಹೊರಬಿದ್ದಿತು. ರಕ್ತಹೀನತೆಯ ಔಷಧದ ಗುಟ್ಟು ಕೊಚ್ಚೆಯ ಕ್ರಿಮಿಯಲ್ಲಿ ಸಿಕ್ಕಿತು.

ಕ್ರಿಮಿಯನ್ನು ಹಿಡಿದ ಕಥೆಯೂ ಗಾಳಿಯ ಕಥೆಯೇ. ೧೮೮೪ರಲ್ಲಿ ಜರ್ಮನಿಯ ಗೋಟಿಂಗನ್ನಿನಲ್ಲಿ ನಿಕೊಲೈಯರ್ ಎಂಬುವನು ತೋಟದ ಮಣ್ಣನ್ನು ಇಲಿ ಮೊಲಗಳ ಚರ್ಮದ ಕೆಳಗೆ ಸೇರಿಸಿ, ಅವಕ್ಕೆ ಧನುರ್ವಾಯು ಬರುವುದನ್ನು ತೋರಿಸಿದನು. ಗಾಯದಲ್ಲಿ ಕಡ್ಡಿಯಂಥ ಕ್ರಿಮಿಯೂ ಕಂಡಿತು. ಆದರೆ ಅದನ್ನು ಬೇರೆ ಕ್ರಿಮಿಗಳಿಂದ ಬೇರ್ಪಡಿಸಿ ಬೆಳೆಸಲು ಅವನಿಂದಾಗಲಿಲ್ಲ. ಐದು ವರ್ಷದ ಮೇಲೆ, ೧೮೮೯ರಲ್ಲಿ, ಬರ್ಲಿನ್ನಿನ ಕಾಖ್ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ಕಿಟಾಸಾಟೊ ಎಂಬ ಜಪಾನೀಯನು ಅದನ್ನು ಸಾಧಿಸಿದನು. ಕೀವನ್ನು ಬೆಳೆಸಿ, ಬೀಜಾಣುಗಳಾಗುವವರೆಗೆ ಕಾದು, ಎಲ್ಲವನ್ನೂ ೮೦ ಡಿಗ್ರಿಗೆ ಕಾಯಿಸಿದನು. ಉಳಿದ ಕ್ರಿಮಿಗಳು ಸತ್ತವು, ಬೀಜಾಣುಗಳು ಉಳಿದವು. ಆಮೇಲೆ ಪಾತ್ರೆಯೊಳಗಿನ ಗಾಳಿಯನ್ನು ಓಡಿಸಿ ಜಲಜನಕ ತುಂಬಿ ಬೆಳೆಸಿದನು. ಮರುವರ್ಷ ಅವನೂ ಬೇರಿಂಗನೂ ಸೇರಿ, ಈ ಕ್ರಿಮಿಯ ವಿಷಕ್ಕೆ ಪ್ರಾಣಿಗಳ ರಕ್ತದಲ್ಲಿ ಪ್ರತಿವಿಷ ಹುಟ್ಟುವುದನ್ನು ತೋರಿಸಿದರು.

ಈಗ ನಮ್ಮ ದೇಶದಲ್ಲಿ ನಡೆದ ಪ್ರಕರಣಕ್ಕೆ ಬರೋಣ. ಗುಜರಾತಿನಲ್ಲಿರುವ ಕನ್ನಡಿಗರಾದ ನಮಗೆ ಇದರಲ್ಲಿ ಎರಡು ಕಡೆಯ ನಂಟಿದೆ.

ಒಡೆಸ್ಸಾದಲ್ಲಿ ಹುಟ್ಟಿದ ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿಯು ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ತಯಾರಿಸಿ, ೧೮೯೭ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಮರುವರ್ಷ ಫೆಬ್ರವರಿಯಲ್ಲಿ ವಡೋದರಾದಿಂದ ಸುಮಾರು ಆರು ಮೈಲು ದೂರದ ಉಂಧೇರಾ ಎಂಬ ಹಳ್ಳಿಯಲ್ಲಿ ಪ್ಲೇಗು ಬಿದ್ದಾಗ, ಒಂದೊಂದು ಮನೆಯಲ್ಲಿಯೂ ಸುಮಾರು ಅರ್ಧ ಜನಕ್ಕೆ ಲಸಿಕೆ ಹಾಕಿ, ಉಳಿದ ಅರ್ಧ ಜನವನ್ನು ಹಾಗೆಯೇ ಬಿಟ್ಟರು. ಪ್ಲೇಗು ಹೊಕ್ಕ ಮನೆಗಳಲ್ಲಿ ಲಸಿಕೆ ಹಾಕಿಸಿಕೊಂಡಿದ್ದ ೭೧ ಜನರಲ್ಲಿ ೮ ಮಂದಿಗೆ ರೋಗ ಬಂದು ೩ ಮಂದಿ ಸತ್ತರು; ಹಾಕಿಸಿಕೊಳ್ಳದ ೬೪ ಜನರಲ್ಲಿ ೨೭ ಮಂದಿಗೆ ಬಂದು ೨೬ ಮಂದಿ ಸತ್ತರು. ಹೀಗೆ ಅರ್ಧ ಜನವನ್ನು ಬಿಟ್ಟದ್ದು ಸರಿಯೇ ಎಂದು ಇಂದು ಯಾರೂ ಕೇಳಿಯಾರು. ಲಸಿಕೆಯ ಗುಣ ಮಾತ್ರ ಸಂಶಯವಿಲ್ಲದೆ ತಿಳಿಯಿತು. ಅದೇ ವರ್ಷ ನಮ್ಮ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿದಾಗ ಲ್ಯೂಮನ್ ಎಂಬ ವೈದ್ಯಾಧಿಕಾರಿಯು ಊರಿನ ಬಹುಪಾಲು ಜನಕ್ಕೆ ಇದೇ ಲಸಿಕೆ ಹಾಕಿಸಿದನು.

ಆಮೇಲೆ ಬಂದದ್ದು ೧೯೦೨ರ ಅಕ್ಟೋಬರ್ ೩೦. ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿ. ಈಗ ಅದು ಪಾಕಿಸ್ತಾನದಲ್ಲಿದೆ. ಆ ದಿನ ೧೦೭ ಜನರಿಗೆ ಮುಂಬಯಿಯಿಂದ ಬಂದ ಲಸಿಕೆ ಹಾಕಿದರು. ಒಂದು ವಾರದ ಮೇಲೆ ಅವರಲ್ಲಿ ೧೯ ಮಂದಿಗೆ ದವಡೆ ಬಿಗಿಯಿತು. ಹತ್ತೊಂಬತ್ತು ಮಂದಿಯೂ ಧನುರ್ವಾಯುವಿನಿಂದ ಸತ್ತರು. ಅಷ್ಟು ಜನಕ್ಕೂ ಲಸಿಕೆ ಹೋದದ್ದು ೫೩-ಎನ್ ಎಂಬ ಒಂದೇ ಬಾಟಲಿಯಿಂದ. ಬೇರೆ ಬಾಟಲಿಗಳಿಂದ ಹಾಕಿಸಿಕೊಂಡ ೮೮ ಮಂದಿಗೆ ಏನೂ ಆಗಲಿಲ್ಲ.

ಆ ಬಾಟಲಿ ತುಂಬಿದ್ದು ೪೧ ದಿನ ಹಿಂದೆ, ಪರೇಲಿನ ಪ್ರಯೋಗಶಾಲೆಯಲ್ಲಿ. ಹಾಫ್‌ಕಿನ್ನನು ಕಾರ್ಬೋಲಿಕ್ ಆಮ್ಲ ಬೆರೆಸುವ ಹಳೆಯ ಪದ್ಧತಿಯನ್ನು ಬಿಟ್ಟು, ಶಾಖದಿಂದ ಶುದ್ಧಿ ಮಾಡುವ ಪದ್ಧತಿಗೆ ಬದಲಾಯಿಸಿದ್ದನು. ಅದೇ ತಪ್ಪೆಂದು ಸರ್ಕಾರದ ವಿಚಾರಣಾ ಸಮಿತಿ ಹೇಳಿತು. ಸಾವಿರಾರು ಪ್ರಾಣ ಉಳಿಸಿದವನು ಹುದ್ದೆ ಕಳೆದುಕೊಂಡು ದೇಶ ಬಿಡಬೇಕಾಯಿತು. ಆದರೆ ಹಳ್ಳಿಯಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಬಾಟಲಿ ತೆರೆಯುವ ಹೊತ್ತಿಗೆ ಸಹಾಯಕನ ಕೈಯಿಂದ ಚಿಮ್ಮಟ ನೆಲಕ್ಕೆ ಬಿದ್ದಿತು. ಅದನ್ನು ಕಾರ್ಬೋಲಿಕ್ ನೀರಿನಲ್ಲಿ ಒಮ್ಮೆ ಅಲ್ಲಾಡಿಸಿ, ಅದರಿಂದಲೇ ಬಿರಡೆಯನ್ನು ಎಳೆದರು. ನೆಲವೆಂದರೆ ದನಕರು ಓಡಾಡುವ ಹಳ್ಳಿಯ ನೆಲ.

ಕ್ರಿಮಿ ಬಾಟಲಿಗೆ ಸೇರಿದ್ದು ಎಲ್ಲಿ, ಮುಂಬಯಿಯಲ್ಲಿಯೋ ಮುಲ್ಕೋವಾಲಿನಲ್ಲಿಯೋ? ಇಲ್ಲಿಯೇ ನಾತದ ಸಾಕ್ಷಿ ಬಂದದ್ದು. ಆ ಲಸಿಕೆ ಒಂದು ಬಗೆಯ ಸಾರು. ಸಸಾರಜನಕವನ್ನು ಮೊದಲೇ ಒಡೆದು ಮಾಡಿದ ದ್ರವ. ಧನುರ್ವಾಯುವಿನ ಕ್ರಿಮಿಗೆ ಅದು ಮೃಷ್ಟಾನ್ನ. ಬಿಗಿದ ಬಿರಡೆಯ ಕೆಳಗೆ ೪೧ ದಿನ ಆ ಊಟ ಮಾಡುತ್ತ ಕುಳಿತಿದ್ದರೆ, ಬಿರಡೆ ತೆಗೆದ ಕ್ಷಣವೇ ನಾತ ಮೂಗಿಗೆ ಬಡಿಯಬೇಕಾಗಿತ್ತು. ಬಾಟಲಿ ತೆರೆದಾಗ ಅಂಥ ವಾಸನೆಯೇನೂ ಇರಲಿಲ್ಲವೆಂದು ಅಲ್ಲಿದ್ದ ವೈದ್ಯನು ಹೇಳಿದ್ದನು. ಅಂದರೆ ಕ್ರಿಮಿ ಬಾಟಲಿಯಲ್ಲಿ ಬೆಳೆದಿರಲಿಲ್ಲ. ತೆರೆಯುವಾಗ ಬೀಜಾಣುವಾಗಿ ಸೇರಿತು ಎಂಬುದೇ ಸಂಭವ. ಮಲೇರಿಯದ ಗುಟ್ಟನ್ನು ಕಂಡ ರೊನಾಲ್ಡ್ ರಾಸ್ ಮೊದಲಾದವರು ೧೯೦೭ರ ಜುಲೈಯಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದು, ಹಾಫ್‌ಕಿನ್ನನ ಮೇಲಿನ ಆರೋಪ ನಿಲ್ಲದೆಂದು ಸಾರಿದರು. ಅವನು ಹಿಂದೂದೇಶಕ್ಕೆ ಮರಳಿದರೂ ಹಳೆಯ ಹುದ್ದೆ ಸಿಕ್ಕಲಿಲ್ಲ. ಪರೇಲಿನ ಸಂಸ್ಥೆಗೆ ೧೯೨೫ರಲ್ಲಿ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್ ಎಂದು ಹೆಸರಿಟ್ಟರು. ಸತ್ತ ಹತ್ತೊಂಬತ್ತು ಹಳ್ಳಿಗರ ಹೆಸರುಗಳು ಮಾತ್ರ ಈ ಕಥೆ ಹೇಳುವಲ್ಲಿ ಎಲ್ಲಿಯೂ ಬರುವುದಿಲ್ಲ.

ಮತ್ತೆ ನಮ್ಮ ಮೊಳೆಗೆ ಬರೋಣ. ಚರ್ಮ ತರಚಿ, ರಕ್ತ ಹರಿದು, ಗಾಳಿ ಆಡುವ ಗಾಯದಲ್ಲಿ ಬೀಜಾಣು ಬಿದ್ದರೂ ಏಳುವುದು ಕಷ್ಟ. ಮೊಳೆ ಚುಚ್ಚಿದ ಗಾಯವಾದರೋ ಬಾಯಿ ಸಣ್ಣದು, ಆಳ ಹೆಚ್ಚು. ಒಳಗೆ ಜಜ್ಜಿದ ಮಾಂಸಕ್ಕೆ ರಕ್ತ ಬಾರದು. ರಕ್ತ ಬಾರದಿದ್ದರೆ ಆಮ್ಲಜನಕ ಬಾರದು. ಸತ್ತ ಮಾಂಸದಿಂದ ಅಮೈನೋ ಆಮ್ಲಗಳು ಒಸರುತ್ತವೆ. ಕ್ರಿಮಿಗೆ ಬೇಕಾದ ಕತ್ತಲೆಕೋಣೆಯೂ ಊಟವೂ ಒಟ್ಟಿಗೆ ಸಿಕ್ಕಂತಾಯಿತು. ಬೀಜಾಣು ಕಣ್ಣು ಬಿಡುತ್ತದೆ. ಹೊರಗೆ ಗಾಯ ಮಾಯ್ದಂತೆಯೇ ಕಾಣಬಹುದು, ಕೀವೂ ಇಲ್ಲದಿರಬಹುದು. ಸಾಮಾನ್ಯವಾಗಿ ೩ರಿಂದ ೨೧ ದಿನಗಳೊಳಗೆ, ಬಹುಮಟ್ಟಿಗೆ ಎಂಟನೆಯ ದಿನದ ಸುಮಾರಿಗೆ, ದವಡೆ ಬಿಗಿಯುತ್ತದೆ.

ಕ್ರಿಮಿ ತಾನು ಗಾಯದಲ್ಲಿಯೇ ಉಳಿಯುತ್ತದೆ; ಊರು ಸುತ್ತುವುದು ಅದರ ವಿಷ. ಆ ವಿಷ ನರಗಳ ಒಳಗೇ ಹಿಮ್ಮುಖವಾಗಿ ಏರಿ ಬೆನ್ನುಹುರಿಯನ್ನು ಸೇರುತ್ತದೆ. ನಮ್ಮ ಸ್ನಾಯುಗಳಿಗೆ 'ಎಳೆ' ಎಂದು ಹೇಳುವ ನರಗಳಿರುವಂತೆ, 'ಸಾಕು, ಬಿಡು' ಎಂದು ತಡೆಯುವ ನರಗಳೂ ಇವೆ. ಈ ತಡೆಯುವ ನರಗಳು ಗ್ಲೈಸೀನ್ ಮೊದಲಾದ ಅಮೈನೋ ಆಮ್ಲಗಳನ್ನು ಬಿಡುಗಡೆ ಮಾಡಿ ಕೆಲಸ ನಡೆಸುತ್ತವೆ. ವಿಷವು ಆ ಬಿಡುಗಡೆಯ ಬಾಗಿಲನ್ನೇ ಕತ್ತರಿಸುತ್ತದೆ. ಅದು ಕತ್ತರಿಸುವ ಸಸಾರಜನಕ ಯಾವುದೆಂಬುದು ಇಟಲಿಯ ಪಾದುವಾದ ವಿಜ್ಞಾನಿಗಳ ಕೆಲಸದಿಂದ ೧೯೯೨ರಲ್ಲಿ ತಿಳಿಯಿತು. ಬ್ರೇಕು ಹೋದ ಯಂತ್ರದಂತೆ ಸ್ನಾಯುಗಳು ಎಳೆಯುತ್ತಲೇ ಇರುತ್ತವೆ. ಈ ವಿಷ ಎಷ್ಟು ಉಗ್ರವೆಂದರೆ, ೭೦ ಕಿಲೋ ತೂಕದ ಗಂಡಸನ್ನು ಕೊಲ್ಲಲು ಒಂದು ಗ್ರಾಮಿನ ಐವತ್ತು ಲಕ್ಷದಲ್ಲಿ ಒಂದು ಪಾಲು ಬೇಡ, ಅದಕ್ಕಿಂತ ಕಡಿಮೆ ಸಾಕು. ಅಷ್ಟು ಅಲ್ಪವಾದ್ದರಿಂದ ರಕ್ತಕ್ಕೆ ಅದರ ಪರಿಚಯವೇ ಆಗುವುದಿಲ್ಲ. ಸಿಡುಬು ಒಮ್ಮೆ ಬಂದು ಹೋದರೆ ಮತ್ತೆ ಬರುತ್ತಿರಲಿಲ್ಲ. ಧನುರ್ವಾಯುವಿನಿಂದ ಬದುಕಿ ಉಳಿದವನಿಗೆ ಅಂಥ ರಕ್ಷಣೆ ಇಲ್ಲ. ಅವನೂ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು.

ಒಂದು ವಿಚಿತ್ರ. ೨೦೦೩ರಲ್ಲಿ ಗೋಟಿಂಗನ್ನಿನಲ್ಲಿಯೇ, ಅಂದರೆ ನಿಕೊಲೈಯರನು ಮಣ್ಣು ಪರೀಕ್ಷಿಸಿದ ಊರಿನಲ್ಲಿಯೇ, ಈ ಕ್ರಿಮಿಯ ಇಡೀ ವಂಶಲಿಪಿಯನ್ನು ಓದಿ ಪ್ರಕಟಿಸಿದರು. ಮುಖ್ಯ ಲಿಪಿಯಲ್ಲಿ ಸುಮಾರು ೨೮ ಲಕ್ಷ ಅಕ್ಷರಗಳು. ಅಮೈನೋ ಆಮ್ಲಗಳನ್ನು ಒಡೆಯುವ ಸಲಕರಣೆ ಅದರಲ್ಲಿ ಧಾರಾಳವಾಗಿದೆ. ವಿಷದ ಪಾಠ ಮಾತ್ರ ಅದರಲ್ಲಿ ಇಲ್ಲ. ಪಕ್ಕದಲ್ಲಿರುವ ೭೪ ಸಾವಿರ ಅಕ್ಷರಗಳ ಸಣ್ಣ ಚೀಟಿಯಲ್ಲಿದೆ. ಆ ಚೀಟಿ ಕಳೆದುಹೋದ ಕ್ರಿಮಿಯು ಉಂಡು ಬೆಳೆಯುತ್ತಲೇ ಇರುತ್ತದೆ, ಯಾರನ್ನೂ ಕೊಲ್ಲುವುದಿಲ್ಲ.

ಇಂಜೆಕ್ಷನ್ನಿನ ಔಷಧ ತಯಾರಾಗುವುದು ಇದೇ ಕ್ರಿಮಿಯ ಹಸಿವಿನಿಂದ. ಹಾಲು ಒಡೆದಾಗ ಗಟ್ಟಿಯಾಗಿ ನಿಲ್ಲುವ ಕೇಸೀನ್ ಎಂಬ ಸಸಾರಜನಕವನ್ನು ಚೂರು ಮಾಡಿ, ಅದರ ಸಾರಿನಲ್ಲಿ, ಗಾಳಿ ಸೋಕದ ದೊಡ್ಡ ಪಾತ್ರೆಗಳಲ್ಲಿ ಕ್ರಿಮಿಯನ್ನು ಬೆಳೆಸುತ್ತಾರೆ. ಕೆಲವು ದಿನಗಳಲ್ಲಿ ಅದು ಒಡೆದು ವಿಷ ಸಾರಿನಲ್ಲಿ ಬೆರೆಯುತ್ತದೆ. ಕ್ರಿಮಿಯನ್ನು ಸೋಸಿ ತೆಗೆದು, ವಿಷಕ್ಕೆ ಫಾರ್ಮಾಲಿನ್ ಬೆರೆಸಿ ಬೆಚ್ಚಗಿಟ್ಟರೆ ಅದರ ಹಲ್ಲು ಉದುರುತ್ತದೆ, ಮುಖ ಮಾತ್ರ ಹಾಗೆಯೇ ಉಳಿಯುತ್ತದೆ. ಆ ಮುಖವನ್ನು ನೋಡಿ ನಮ್ಮ ರಕ್ತ ನಿಜವಾದ ವಿಷವನ್ನು ಎದುರಿಸಲು ಕಲಿಯುತ್ತದೆ. ಈ ಉಪಾಯ ೧೯೨೦ರ ದಶಕದಲ್ಲಿ ಫ್ರಾನ್ಸಿನ ರಾಮೋನ್ ಮೊದಲಾದವರಿಂದ ಬಂದಿತು. ಅದಕ್ಕೆ ಮುಂಚೆ ಕುದುರೆಗೆ ಸ್ವಲ್ಪ ಸ್ವಲ್ಪವಾಗಿ ವಿಷ ಚುಚ್ಚಿ, ಅದರ ರಕ್ತದ ಸೀರಮನ್ನು ಗಾಯಗೊಂಡವರಿಗೆ ಕೊಡುತ್ತಿದ್ದರು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ೧೯೬೬ರಲ್ಲಿ ಹುಟ್ಟಿದ್ದು ಕುದುರೆ ಸಾಕುವ ಮನೆತನದವರಿಂದ. ಮೊದಲು ತಯಾರಿಸಿದ್ದು ಧನುರ್ವಾಯುವಿನ ಪ್ರತಿವಿಷವನ್ನೇ.

ಈ ರೋಗ ಹೆಚ್ಚು ಬಲಿ ತೆಗೆದುಕೊಂಡದ್ದು ಗಿರಣಿಯಲ್ಲಿಯೂ ಅಲ್ಲ, ರಣರಂಗದಲ್ಲಿಯೂ ಅಲ್ಲ, ಬಾಣಂತಿಯ ಕೋಣೆಯಲ್ಲಿ. ಹೊಕ್ಕುಳ ಬಳ್ಳಿಯನ್ನು ಶುದ್ಧವಿಲ್ಲದ ಬ್ಲೇಡಿನಿಂದಲೋ ಕುಡುಗೋಲಿನಿಂದಲೋ ಕತ್ತರಿಸಿ, ಬೂದಿಯನ್ನೋ ಸಗಣಿಯನ್ನೋ ಹಚ್ಚಿದರೆ, ಆ ಸತ್ತ ಬಳ್ಳಿಯ ತುಂಡು ಕ್ರಿಮಿಗೆ ಹೇಳಿ ಮಾಡಿಸಿದ ಜಾಗ. ಎರಡು ದಿನ ಚೆನ್ನಾಗಿ ಹಾಲು ಕುಡಿದ ಕೂಸು ವಾರದ ಹೊತ್ತಿಗೆ ಮೊಲೆ ಹಿಡಿಯಲಾರದೆ ಸೆಟೆಯುತ್ತದೆ. ದೃಷ್ಟಿಯಾಯಿತು, ಗ್ರಹ ಬಡಿಯಿತು ಎನ್ನುತ್ತಿದ್ದರು. ೧೯೮೮ರ ಒಂದೇ ವರ್ಷದಲ್ಲಿ ಲೋಕದಲ್ಲಿ ೭,೮೭,೦೦೦ ಕೂಸುಗಳು ಹೀಗೆ ಸತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ೨೦೧೮ರಲ್ಲಿ ಅದು ೨೫,೦೦೦ಕ್ಕೆ ಇಳಿಯಿತು. ನಮ್ಮ ದೇಶದಲ್ಲಿ ಯಾವ ಜಿಲ್ಲೆಯಲ್ಲಿಯೂ ಸಾವಿರ ಹೆರಿಗೆಗೆ ಒಂದಕ್ಕಿಂತ ಕಡಿಮೆ ಎಂಬ ಮಟ್ಟ ಮುಟ್ಟಿದ್ದು ೨೦೧೫ರಲ್ಲಿ. ಬಸುರಿಗೆ ಕೊಟ್ಟ ಇಂಜೆಕ್ಷನ್ನಿನ ರಕ್ಷಣೆ ತಾಯಿಯ ರಕ್ತದಿಂದ ಕೂಸಿಗೂ ಇಳಿಯುತ್ತದೆ. ಅದಕ್ಕೆ ಆಸ್ಪತ್ರೆಯ ಹೆರಿಗೆ, ಶುದ್ಧವಾದ ಬ್ಲೇಡು ಸೇರಿ ಈ ಫಲ ಬಂದಿದೆ.

ಆದರೆ ಇದು ಸಿಡುಬಿನಂತೆ ನಿರ್ನಾಮವಾದ ರೋಗವಲ್ಲ. ಸಿಡುಬು ಮನುಷ್ಯನಿಂದ ಮನುಷ್ಯನಿಗೆ ಹೋಗುತ್ತಿತ್ತು. ದಾರಿ ಕಟ್ಟಿದರೆ ಸತ್ತಿತು. ಧನುರ್ವಾಯು ಬರುವುದು ಮಣ್ಣಿನಿಂದ. ಊರಿನವರೆಲ್ಲ ಇಂಜೆಕ್ಷನ್ ಹಾಕಿಸಿಕೊಂಡು ಒಬ್ಬನು ಬಿಟ್ಟರೆ, ಊರಿನ ಪುಣ್ಯ ಆ ಒಬ್ಬನನ್ನು ಕಾಯುವುದಿಲ್ಲ.

ನಮ್ಮಂಥ ವಲಸೆಯ ಸಂಸಾರಗಳಿಗೆ ತೊಡಕಾಗುವುದು ಇಲ್ಲಿಯೇ. ಅಹಮದಾಬಾದಿನಲ್ಲಿ ಬಸುರಿಯಾದ ಹೆಣ್ಣುಮಗಳು ಏಳನೆಯ ತಿಂಗಳಲ್ಲಿ ಗದಗಿಗೋ ಕುಂದಾಪುರಕ್ಕೋ ತೌರಿಗೆ ಹೋಗುತ್ತಾಳೆ. ಮೊದಲ ಇಂಜೆಕ್ಷನ್ ಇಲ್ಲಿ. ಎರಡನೆಯದು ಅಲ್ಲಿ ಆಯಿತೆಂದು ಇಲ್ಲಿಯವರು, ಇಲ್ಲಿಯೇ ಮುಗಿಯಿತೆಂದು ಅಲ್ಲಿಯವರು ಭಾವಿಸುತ್ತಾರೆ. ಕಾರ್ಡು ಗುಜರಾತಿಯಲ್ಲಿದ್ದರೆ ಊರಿನ ನರ್ಸಮ್ಮನವರಿಗೆ ಓದಲು ಬಾರದು. ಗಂಡಸರದು ಇನ್ನೂ ಕಷ್ಟ. ಸೂರತ್ತಿನ ಪವರ್‌ಲೂಮಿನಲ್ಲಿ, ವಡೋದರಾದ ಕಾರ್ಖಾನೆಗಳಲ್ಲಿ, ಉಡುಪಿ ಹೋಟೆಲಿನ ಅಡಿಗೆಮನೆಯಲ್ಲಿ ದುಡಿಯುವ ನಮ್ಮ ಹುಡುಗರಲ್ಲಿ ಎಷ್ಟು ಜನಕ್ಕೆ ಕಡೆಯ ಇಂಜೆಕ್ಷನ್ ಯಾವ ವರ್ಷವೆಂದು ನೆನಪಿದೆ? ನಾನು ಕೆಲಸ ಮಾಡುವ ಗಿರಣಿಯಲ್ಲಿ ಅಪಘಾತದ ರಿಜಿಸ್ಟರು ನನ್ನ ಮೇಜಿನಲ್ಲಿಯೇ ಇದೆ. ಹೆಸರು, ಖಾತೆ, ಪಾಳಿ, ಗಾಯದ ವಿವರ, ರಜೆಯ ದಿನ ಎಲ್ಲಕ್ಕೂ ಕಾಲಮ್ಮು ಉಂಟು. ಹಿಂದಿನ ಇಂಜೆಕ್ಷನ್ ಯಾವಾಗ ಎಂಬುದಕ್ಕೆ ಇಲ್ಲ. ಒಂದು ಕಾಲಮ್ಮು ಸೇರಿಸೋಣವೆಂದು ಕೇಳಿದ್ದೆ. ನಮೂನೆಯಲ್ಲಿ ಇಲ್ಲದ್ದನ್ನು ಬರೆಯಬಾರದು ಎಂಬ ಉತ್ತರ ಬಂದಿತು. ಈಗ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತೇನೆ. ಕೇಳಿದವರಲ್ಲಿ ಮುಕ್ಕಾಲು ಪಾಲು 'ಸ್ಕೂಲಿನಲ್ಲಿ ಆಗಿರಬೇಕು, ಬಾಬು' ಎನ್ನುತ್ತಾರೆ.

ಲೆಕ್ಕ ಹೀಗಿದೆ. ಕೂಸಿಗೆ ಆರು, ಹತ್ತು, ಹದಿನಾಲ್ಕನೆಯ ವಾರದಲ್ಲಿ. ಒಂದೂವರೆ ವರ್ಷದ ಸುಮಾರಿಗೆ ಒಂದು, ಐದಾರು ವರ್ಷಕ್ಕೆ ಒಂದು. ಹತ್ತನೆಯ ಮತ್ತು ಹದಿನಾರನೆಯ ವಯಸ್ಸಿನಲ್ಲಿ ಒಂದೊಂದು. ಬಸುರಿಗೆ ತಿಳಿದ ಕೂಡಲೆ ಒಂದು, ನಾಲ್ಕು ವಾರದ ಮೇಲೆ ಇನ್ನೊಂದು. ಮೂರು ವರ್ಷದೊಳಗಿನ ಹಿಂದಿನ ಬಸುರಿನಲ್ಲಿ ಎರಡೂ ಆಗಿದ್ದರೆ ಈಗ ಒಂದೇ ಸಾಕು. ಇವೆಲ್ಲ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಹಿಂದೆ ಟಿ.ಟಿ. ಎನ್ನುತ್ತಿದ್ದುದರ ಬದಲು ಈಗ ಗಂಟಲಮಾರಿಯ ಔಷಧವ‌ೂ ಸೇರಿದ ಟಿ.ಡಿ. ಕೊಡುತ್ತಾರೆ, ಹೆಸರು ಬೇರೆಯೆಂದು ಗಾಬರಿಯಾಗಬೇಡಿ. ದೊಡ್ಡವರಿಗೆ ಹತ್ತು ವರ್ಷಕ್ಕೊಮ್ಮೆ. ಕೊಳಕಾದ ಆಳವಾದ ಗಾಯವಾಗಿ, ಹಿಂದಿನದಕ್ಕೆ ಐದು ವರ್ಷ ಮೀರಿದ್ದರೆ ಇನ್ನೊಂದು. ಚಿಕ್ಕಂದಿನಲ್ಲಿ ಇಂಜೆಕ್ಷನ್ನೇ ಆಗಿರದಿದ್ದವರಿಗೆ ಆಗ ಇದೊಂದೇ ಸಾಲದು. ಸಿದ್ಧ ಪ್ರತಿವಿಷವನ್ನೂ ಕೊಡಬೇಕಾದೀತು. ಅದನ್ನು ನಿಶ್ಚಯಿಸುವವರು ಡಾಕ್ಟರು. ಸುಳ್ಳು ಹೇಳದೆ 'ಗೊತ್ತಿಲ್ಲ' ಎಂದು ಹೇಳುವುದು ರೋಗಿಯ ಕೆಲಸ.

ಗಾಯವಾದ ಕೂಡಲೆ ಮಾಡಬೇಕಾದದ್ದು ಸಾಬೂನು ಮತ್ತು ಹರಿಯುವ ನೀರಿನಿಂದ ಚೆನ್ನಾಗಿ ತೊಳೆಯುವುದು. ಸುಣ್ಣ, ಕಾಫಿಪುಡಿ, ಸಗಣಿ, ಗ್ರೀಸು ಇವನ್ನು ಮೆತ್ತಿ ಬಟ್ಟೆ ಬಿಗಿದರೆ ಗಾಳಿಯ ಬಾಗಿಲನ್ನು ನಾವೇ ಮುಚ್ಚಿದಂತೆ. ಉತ್ತರಾಯಣದ ದಿನ ಪತಂಗದ ಮಾಂಜಾ ಬೆರಳು ಕೊಯ್ದಾಗ ಹುಡುಗರು ಮಣ್ಣು ಸವರಿ ಮತ್ತೆ ಮಾಳಿಗೆಗೆ ಓಡುತ್ತಾರೆ. ಎಳ್ಳು ಬೆಲ್ಲ ಕೊಡುವಾಗ ತಾಯಂದಿರು ಆ ಕೈಗಳನ್ನು ಒಮ್ಮೆ ತಿರುಗಿಸಿ ನೋಡಬೇಕು.

ನಮ್ಮ ವಾಚನಾಲಯದಲ್ಲಿ, ಪತ್ರಿಕೆಗಳ ಮೇಜಿನ ಬಲಗಡೆ, ನೀಲಿ ರಟ್ಟಿನ ಒಂದು ಹೊಸ ಪುಸ್ತಕ ಇಟ್ಟಿದ್ದೇವೆ. ಪ್ರತಿ ಕುಟುಂಬಕ್ಕೆ ಒಂದು ಪುಟ; ಮನೆಯವರ ಹೆಸರು, ಕಡೆಯ ಇಂಜೆಕ್ಷನ್ನಿನ ತಿಂಗಳು ವರ್ಷ ಬರೆಸಬಹುದು. ತೌರಿಗೆ ಹೊರಟವರು ಗುಜರಾತಿ ಕಾರ್ಡನ್ನು ತಂದರೆ, ಅದರ ದಿನಾಂಕಗಳನ್ನು ಕನ್ನಡದಲ್ಲಿ ಪ್ರತಿ ಮಾಡಿಕೊಡುತ್ತೇವೆ. ಭಾನುವಾರ ಬೆಳಿಗ್ಗೆ ೯ರಿಂದ ೧೧ರವರೆಗೆ ನಾನು ಅಲ್ಲಿರುತ್ತೇನೆ.